ಪುಕ್ಕಟೆ ಸಿಐ ಬೇಕು, ಯಾವುದನ್ನು ಹಿಡಿಯುವುದು?

ಕೋಡ್ ಬದಲಾದಾಗಲೆಲ್ಲ ಅದರ ಟೆಸ್ಟುಗಳನ್ನು ತಾನಾಗಿ ಓಡಿಸುವ ಏರ್ಪಾಟಿಗೆ ಸಿಐ (ಕಂಟಿನ್ಯುಯಸ್ ಇಂಟಿಗ್ರೇಷನ್) ಎನ್ನುತ್ತಾರೆ. ನಮಗೆ ಅದು ಯಾಕೆ ಬೇಕಾಯಿತು ಎಂದು ಮೊದಲು ಹೇಳುತ್ತೇನೆ. ನಮ್ಮ ಪ್ರಾಜೆಕ್ಟಿನ ಮೊದಲ ಟೆಸ್ಟು ಕಾಸರಗೋಡು ಎಂಬ ಊರ ಹೆಸರು. ಮಲಯಾಳದಲ್ಲಿ ಈ ಹೆಸರು ಬರೆಯುವಾಗ ನಡುವಿನ ರಕಾರ ಅರ್ಧ ಮಾತ್ರ. ಅಂಥ ಅರ್ಧಾಕ್ಷರಕ್ಕೆ ಅವರು ಚಿಲ್ಲು ಎನ್ನುತ್ತಾರೆ. ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ನಿಗದಿ ಮಾಡುವ ಯೂನಿಕೋಡಿನಲ್ಲಿ ಚಿಲ್ಲು ಬರೆಯಲು ಎರಡು ದಾರಿ ಇವೆ. 2008ರ 5.1 ಆವೃತ್ತಿಗೆ ಮೊದಲು ರಕಾರ, ಚಂದ್ರಕ್ಕಲ (ಮಲಯಾಳದ ಹಲಂತ ಚಿಹ್ನೆ), ಜೊತೆಗೆ ಕಣ್ಣಿಗೆ ಕಾಣದ ಒಂದು ಜೋಡಕ, ಹೀಗೆ ಮೂರು ಸಂಕೇತ ಸೇರಿಸಬೇಕಿತ್ತು. ಆಮೇಲೆ ಚಿಲ್ಲಿಗೇ ಸ್ವಂತ ಸಂಕೇತ ಬಂತು. ಹಳೆಯ ಫೈಲುಗಳಲ್ಲಿ ಹಳೆಯದು, ಹೊಸದರಲ್ಲಿ ಹೊಸದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮಲಯಾಳ ಲಿಪಿಯನ್ನು ಕನ್ನಡ ಲಿಪಿಗೆ ತರುವ ಸಣ್ಣ ಪೈಥಾನ್ ಲೈಬ್ರರಿ ನಮ್ಮದು. ಪಂಚಾಯತಿನ ನೋಟೀಸು, ಬಸ್ಸಿನ ಬೋರ್ಡು ಇವನ್ನೆಲ್ಲ ಮನೆಯ ಹಿರಿಯರು ತಾವೇ ಓದಿಕೊಳ್ಳಲಿ ಎಂದು ಶುರು ಮಾಡಿದ್ದು. ಒಮ್ಮೆ ಒಬ್ಬ ಹುಡುಗ ಹೊಸ ಚಿಲ್ಲಿನ ತಪ್ಪು ಸರಿ ಮಾಡಿ ಕಳಿಸಿದ. ನೋಡಿದೆ, ಚೆನ್ನಾಗಿತ್ತು, ಸೇರಿಸಿದೆ. ಅದರಿಂದ ಹಳೆಯ ಚಿಲ್ಲು ಕೆಟ್ಟುಹೋಯಿತು. ಫಲಿತಾಂಶದಲ್ಲಿ 'ಕಾಸರ್ಗೋಡ್' ಎಂದೇ ಓದಲು ಬರುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಆ ಕಾಣದ ಜೋಡಕ ಒಳಗೇ ಕೂತಿತ್ತು. ನಮಗೆ ಗೊತ್ತಾಗಲು ಹದಿನೈದು ದಿನ ಬೇಕಾಯಿತು. ಟೆಸ್ಟ್ ಬರೆದಿಟ್ಟಿದ್ದೆವು, ಓಡಿಸುವವರು ಇರಲಿಲ್ಲ ಅಷ್ಟೆ.

ಆ ಓಡಿಸುವ ಕೆಲಸವನ್ನು ಯಂತ್ರಕ್ಕೆ ವಹಿಸುವುದೇ ಸಿಐ. ಯಾರು ಕೋಡ್ ಪುಶ್ ಮಾಡಿದರೂ (ಪ್ರಾಜೆಕ್ಟಿನ ತಾಣಕ್ಕೆ ಕಳಿಸಿದರೂ), ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೂ ಎಲ್ಲೋ ಒಂದು ಯಂತ್ರ ಎದ್ದು ಟೆಸ್ಟ್ ಓಡಿಸಿ ಹಸಿರು ಅಥವಾ ಕೆಂಪು ಗುರುತು ಹಾಕುತ್ತದೆ. ನಾವು ಇದನ್ನು ಹಾಕಿಸಿಕೊಂಡ ಮೇಲೆ ಮೂವರು ಬೇರೆ ಬೇರೆ ಹೊತ್ತಲ್ಲಿ ಒಂದೇ ಪ್ರಶ್ನೆ ಕೇಳಿದರು, ಪುಕ್ಕಟೆ ಸಿಐ ಯಾವುದನ್ನು ಹಿಡಿಯುವುದು ಎಂದು. ಪೊವ್ವಲ್ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, 'ಅಣ್ಣ, ಕ್ರೆಡಿಟ್ ಕಾರ್ಡ್ ಕೇಳದ್ದು ಯಾವುದುಂಟು?' ಎಂದ. ಕುಂಬಳೆಯ ಮಾಸ್ಟ್ರೊಬ್ಬರು ತುಳು ಪದಗಳ ಪಟ್ಟಿ ಕಟ್ಟುತ್ತಿದ್ದಾರೆ. ಅವರಿಗೆ ದೊಡ್ಡ ಕಂಪನಿಯ ಹಂಗು ಬೇಡ. ಮೂರನೆಯವನು ಗೆಳೆಯ, ಡಿಟಿಪಿ ಅಂಗಡಿಗಳಿಗಾಗಿ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದಾನೆ. ಅದು ವಿಂಡೋಸ್‌ನಲ್ಲಿ ಓಡಲೇಬೇಕು. ಮೂವರಿಗೂ ಒಂದೇ ಉತ್ತರ ಆಗಲಿಲ್ಲ.

ಮೊದಲು ಏನು ನೋಡಬೇಕು

ಎಲ್ಲರೂ ಮೊದಲು ನೋಡುವುದು ತಿಂಗಳಿಗೆ ಎಷ್ಟು ನಿಮಿಷ ಪುಕ್ಕಟೆ ಎಂದು. ನಾನು ಅದನ್ನು ಮೂರನೆಯ ಜಾಗಕ್ಕೆ ಇಳಿಸುತ್ತೇನೆ.

ಮೊದಲನೆಯದು, ಕೋಡ್ ಈಗ ಎಲ್ಲಿದೆ. ಕೋಡ್ ಒಂದು ಕಡೆ, ಸಿಐ ಇನ್ನೊಂದು ಕಡೆ ಆದರೆ ಕೊಂಡಿ ಹಾಕಿಸುವುದು, ಅನುಮತಿ ಕೊಡುವುದು, ಅದು ಕಳಚಿದಾಗ ಮತ್ತೆ ಜೋಡಿಸುವುದು ಎಲ್ಲ ನಿಮ್ಮ ತಲೆಗೆ. ಎರಡನೆಯದು, ಪರಿಚಯ ಇಲ್ಲದವರು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುತ್ತಾರಾ. ಓಪನ್ ಸೋರ್ಸ್ ಅಂದರೆ ಅದೇ ಅಲ್ವಾ? ಸಿಐ ಅಂದರೆ ಅವರು ಬರೆದ ಕೋಡನ್ನು ಯಾರದೋ ಯಂತ್ರದಲ್ಲಿ ಓಡಿಸುವುದು. ಆ ಯಂತ್ರ ಯಾರದು, ಅದರಲ್ಲಿ ನಿಮ್ಮ ಪಾಸ್‌ವರ್ಡುಗಳು ಇವೆಯಾ ಎಂದು ಕೇಳಿಕೊಳ್ಳಬೇಕು. ಮೂರನೆಯದು ನಿಮಿಷ, ಕಾರ್ಡು, ಅರ್ಜಿ ಇತ್ಯಾದಿ. ನಾಲ್ಕನೆಯದು, ಯಾವ ಯಾವ ಆಪರೇಟಿಂಗ್ ಸಿಸ್ಟಮ್ ಬೇಕು. ಐದನೆಯದು, ನಾಳೆ ಪುಕ್ಕಟೆ ನಿಂತರೆ ಗಂಟು ಕಟ್ಟಿ ಹೊರಡಲು ಎಷ್ಟು ಹೊತ್ತು ಬೇಕು.

ಐದನೆಯದನ್ನು ಸುಮ್ನೆ ಹೇಳುತ್ತಿಲ್ಲ. 2011ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಟ್ರಾವಿಸ್ ಸಿಐ ಎಷ್ಟೋ ವರ್ಷ ಓಪನ್ ಸೋರ್ಸ್‌ನವರ ಮನೆಮಾತಾಗಿತ್ತು. ರಿಪೊದಲ್ಲಿ, ಅಂದರೆ ಕೋಡ್ ಇಡುವ ಕಣಜದಲ್ಲಿ, ಒಂದು ಸಣ್ಣ ಫೈಲ್ ಇಟ್ಟರೆ ಮುಗಿಯಿತು, ಪುಕ್ಕಟೆ. 2019ರ ಜನವರಿಯಲ್ಲಿ ಇಡೆರಾ ಎಂಬ ಕಂಪನಿ ಅದನ್ನು ಕೊಂಡಿತು. 2020ರ ನವೆಂಬರ್‌ನಲ್ಲಿ ದರದ ಲೆಕ್ಕ ಬದಲಾಯಿತು. 2021ರ ಜೂನ್‌ನಲ್ಲಿ ಓಪನ್ ಸೋರ್ಸ್‌ಗೆಂದೇ ಇದ್ದ ಹಳೆಯ ತಾಣ ಮುಚ್ಚಿತು. ಸಾವಿರಾರು ಪ್ರಾಜೆಕ್ಟುಗಳು ಬೇರೆ ಕಡೆ ಹೊರಟವು. ಕೆಲವರು ಒಂದು ಸಂಜೆಯಲ್ಲಿ ಮುಗಿಸಿದರು, ಕೆಲವರಿಗೆ ವಾರಗಟ್ಟಲೆ ಹಿಡಿಯಿತು. ಟೆಸ್ಟ್ ಓಡಿಸುವ ಕಮಾಂಡುಗಳು ಟ್ರಾವಿಸ್‌ನ ಫೈಲಿನೊಳಗೇ ಹೂತುಹೋಗಿದ್ದವಾ, ಹೊರಗೆ ಬೇರೆಯಾಗಿದ್ದವಾ ಎಂಬುದೇ ದೊಡ್ಡ ವ್ಯತ್ಯಾಸ.

ಹಾಗಾಗಿ ಯಾವುದನ್ನೇ ಹಿಡಿಯಿರಿ, ಮೊದಲು ಒಂದು ಕೆಲಸ ಮಾಡಿ. ಟೆಸ್ಟಿನ ಎಲ್ಲ ಕಮಾಂಡುಗಳನ್ನೂ ರಿಪೊದ ಒಂದು ಸ್ಕ್ರಿಪ್ಟಿಗೆ ಹಾಕಿ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಅದೇ ಓಡಬೇಕು. ಸಿಐ ಫೈಲಿಗೆ ಉಳಿಯುವ ಕೆಲಸ ಮೂರೇ: ಕೋಡ್ ತರಿಸು, ಪೈಥಾನ್ ಹಾಕು, ಆ ಸ್ಕ್ರಿಪ್ಟ್ ಓಡಿಸು.

ಗಿಟ್‌ಹಬ್ ಆ್ಯಕ್ಷನ್ಸ್

ಗಿಟ್‌ಹಬ್ ಅಂದರೆ ಕೋಡ್ ಇಡುವ ತಾಣ, ಇದು ಅದರದ್ದೇ ಸಿಐ. ಕೋಡ್ ಗಿಟ್‌ಹಬ್‌ನಲ್ಲಿದ್ದು, ಬೇರೆ ಯಾವ ಹಟವೂ ಇಲ್ಲದಿದ್ದರೆ ಇದನ್ನೇ ಹಿಡಿಯಿರಿ. 2019ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದದ್ದು. ಪಬ್ಲಿಕ್ ರಿಪೊ ಆಗಿದ್ದರೆ ಅವರ ಸಾಮಾನ್ಯ ಯಂತ್ರಗಳಿಗೆ ನಿಮಿಷದ ಲೆಕ್ಕವೇ ಇಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಸಿಗುತ್ತವೆ. ಒಂದು ಜಾಬ್ (ಒಂದು ಯಂತ್ರದಲ್ಲಿ ಒಂದು ಸಲದ ಓಟ) ಆರು ಗಂಟೆ ಮೀರಬಾರದು. ಪುಕ್ಕಟೆ ಖಾತೆಗೆ ಒಟ್ಟಿಗೆ 20 ಜಾಬ್ ಓಡಬಹುದು, ಅದರಲ್ಲಿ ಮ್ಯಾಕ್ 5. ತಿಂಗಳಿಗೆ 2,000 ನಿಮಿಷ ಎಂದು ಕೇಳಿ ಹೆದರುವವರಿದ್ದಾರೆ. ಅದು ಪ್ರೈವೇಟ್ ರಿಪೊಗಳ ಲೆಕ್ಕ.

ಮೂರು ಆಪರೇಟಿಂಗ್ ಸಿಸ್ಟಮ್ ಸಿಗುವುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಗೊತ್ತಾದದ್ದು ಹಲಂತದಿಂದ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಅಂದರೆ ಲಿನಕ್ಸ್. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುವುದು. ಡಿಟಿಪಿ ಅಂಗಡಿಗೆ ಹೋದರೆ ವಿಂಡೋಸ್. ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಲ್ಲಿ ಬರೆಯುವ ಪದ್ಧತಿ) ಎಂದು ನಾವು ಬರೆಯದಿದ್ದರೆ ಲಿನಕ್ಸ್ ಅದನ್ನೇ ಹಿಡಿಯುತ್ತದೆ. ವಿಂಡೋಸ್ ಸಾಮಾನ್ಯವಾಗಿ ತನ್ನ ಹಳೆಯ ಅಕ್ಷರಪಟ್ಟಿಯಾದ ಕೋಡ್ ಪೇಜ್ 1252ನ್ನು ಹಿಡಿಯುತ್ತದೆ. ಕನ್ನಡದ ಹಲಂತ ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್. ಅದರ ಕೊನೆಯ ಬೈಟಿಗೆ ಆ ಕೋಡ್ ಪೇಜಿನಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಫೈಲಿನಲ್ಲಿ 'ಮನೆ', 'ಮರ' ಮಾತ್ರ ಇದ್ದಾಗ ಏನೋ ಕಸ ಓದಿಕೊಂಡು ಮುಂದೆ ಹೋಗುತ್ತದೆ, ತಪ್ಪೇ ತೋರಿಸುವುದಿಲ್ಲ. 'ಅಕ್ಕ' ಬಂದ ಕೂಡಲೇ ಬಿದ್ದುಬಿಡುತ್ತದೆ. ಒತ್ತಕ್ಷರ ಇಲ್ಲದ ಕನ್ನಡ ಎಷ್ಟು ಸಾಲು ಓಡೀತು ಹೇಳಿ! ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇದು ಜನ್ಮದಲ್ಲಿ ಕಾಣುತ್ತಿರಲಿಲ್ಲ. ವಿಂಡೋಸ್ ಜಾಬ್ ಮೊದಲ ದಿನವೇ ಕೆಂಪು ತೋರಿಸಿತು.

ಪೈಥಾನ್‌ನ ಹಲವು ಆವೃತ್ತಿಗಳಲ್ಲಿ ಓಡಿಸುವುದಕ್ಕೂ ಇಂಥದೇ ಕಾರಣ ಇದೆ. ಹಳಗನ್ನಡದ ನಕಾರ ಪೊಲ್ಲು (ಸ್ವರವಿಲ್ಲದ ನಕಾರದ ಅಕ್ಷರ) ಯೂನಿಕೋಡಿಗೆ ಸೇರಿದ್ದು 2021ರ 14.0 ಆವೃತ್ತಿಯಲ್ಲಿ. ಪೈಥಾನ್ 3.11ಕ್ಕೆ ಆ ಅಕ್ಷರದ ಹೆಸರು ಗೊತ್ತು, 3.10ಕ್ಕೆ ಗೊತ್ತಿಲ್ಲ. ಒಂದೇ ಕೋಡ್, ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು.

ಇನ್ನು ತೊಂದರೆಗಳು. ಫೋರ್ಕ್‌ನಿಂದ (ಬೇರೆಯವರು ಮಾಡಿಕೊಂಡ ನಿಮ್ಮ ರಿಪೊದ ಪ್ರತಿಯಿಂದ) ಬರುವ ಪುಲ್ ರಿಕ್ವೆಸ್ಟಿಗೆ ನಿಮ್ಮ ಸೀಕ್ರೆಟ್‌ಗಳು (ಸಿಐಗೆ ಕೊಟ್ಟಿಟ್ಟ ಪಾಸ್‌ವರ್ಡುಗಳು) ಸಿಗುವುದಿಲ್ಲ, ಮೊದಲ ಸಲ ಕಳಿಸುವವರ ಕೋಡ್ ಓಡಲು ನೀವು ಒಪ್ಪಿಗೆ ಒತ್ತಬೇಕು. ಯಾರ್‍ಯಾರೋ ಇಂಥ ಪುಕ್ಕಟೆ ಯಂತ್ರಗಳಲ್ಲಿ ಕ್ರಿಪ್ಟೊ ನಾಣ್ಯ ಅಗೆಯಲು ಹೊರಟ ಮೇಲೆ, 2021ರಲ್ಲಿ ಬಂದದ್ದು ಈ ಒಪ್ಪಿಗೆಯ ಕಟ್ಟುಪಾಡು. ಇವೆಲ್ಲ ಕಿರಿಕಿರಿ ಎಂದು ಪುಲ್ ರಿಕ್ವೆಸ್ಟ್ ಟಾರ್ಗೆಟ್ ಎಂಬ ಇನ್ನೊಂದು ಬಗೆಯನ್ನು ಹಾಕಿಕೊಳ್ಳುವವರಿದ್ದಾರೆ. ಅದರಲ್ಲಿ ಸೀಕ್ರೆಟ್ ಸಿಗುತ್ತದೆ. ಆ ಬಗೆಯಲ್ಲಿ ಹೊರಗಿನವರ ಕೋಡನ್ನು ತರಿಸಿ ಓಡಿಸಿದರೆ ಮನೆಯ ಬೀಗದಕೈಯನ್ನು ದಾರಿಹೋಕನ ಕೈಗೆ ಇಟ್ಟ ಹಾಗೆ. ಸರಿಯಾಗಿ ಅರ್ಥವಾಗುವ ತನಕ ಅದರ ತಂಟೆಗೆ ಹೋಗಬೇಡಿ.

ಬೇರೆಯವರು ಬರೆದಿಟ್ಟ ಆ್ಯಕ್ಷನ್‌ಗಳನ್ನು (ಸಿಐನ ಸಿದ್ಧ ತುಣುಕುಗಳನ್ನು) ಎತ್ತಿ ಹಾಕಿಕೊಳ್ಳುವುದು ಇಲ್ಲಿ ಬಹಳ ಸುಲಭ. ಅಪಾಯವೂ ಅಲ್ಲೇ. 2025ರ ಮಾರ್ಚ್‌ನಲ್ಲಿ, ಬದಲಾದ ಫೈಲುಗಳ ಪಟ್ಟಿ ಕೊಡುವ ಒಂದು ಹೆಸರಾಂತ ಆ್ಯಕ್ಷನ್‌ಗೆ ಯಾರೋ ನುಗ್ಗಿ ಅದರ ಆವೃತ್ತಿ ಟ್ಯಾಗ್‌ಗಳನ್ನೇ ಕೆಟ್ಟ ಕೋಡಿನತ್ತ ತಿರುಗಿಸಿದರು. ಅದನ್ನು ಬಳಸುತ್ತಿದ್ದ ರಿಪೊಗಳು 23,000ಕ್ಕೂ ಜಾಸ್ತಿ. ಸೀಕ್ರೆಟ್‌ಗಳು ಲಾಗ್‌ನಲ್ಲಿ (ಓಟದ ದಾಖಲೆಯಲ್ಲಿ) ಬಂದು ಬೀಳತೊಡಗಿದವು. ಪಬ್ಲಿಕ್ ರಿಪೊದ ಲಾಗ್ ಯಾರು ಬೇಕಾದರೂ ಓದಬಹುದು. ಅಂದಿನಿಂದ ನಾನು ಹೊರಗಿನ ಆ್ಯಕ್ಷನ್‌ಗಳನ್ನು ಟ್ಯಾಗ್‌ನ ಬದಲು 40 ಅಕ್ಷರದ ಪೂರ್ತಿ ಕಮಿಟ್ ಸಂಖ್ಯೆ (ಕೋಡಿನ ಆ ಒಂದು ರೂಪದ ಗುರುತು) ಹಾಕಿಯೇ ಬಳಸುವುದು. ಆದಷ್ಟೂ ಬಳಸದೇ ಇರುವುದು ಇನ್ನೂ ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ. ದಿನಾ ರಾತ್ರಿ ಟೆಸ್ಟ್ ಓಡಲಿ ಎಂದು ಹೊತ್ತು ನಿಗದಿ ಮಾಡಬಹುದು. ಬೇರೇನೂ ಹೇಳದಿದ್ದರೆ ಆ ಗಡಿಯಾರ ಯುಟಿಸಿಯದು, ಅಂದರೆ ನಮ್ಮ ಹೊತ್ತಿಗಿಂತ ಐದೂವರೆ ಗಂಟೆ ಹಿಂದೆ. ನೀವು 21 ಗಂಟೆ ಎಂದು ಬರೆದರೆ ನಮ್ಮಲ್ಲಿ ನಸುಕಿನ ಎರಡೂವರೆ. ರಿಪೊದಲ್ಲಿ 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಪಬ್ಲಿಕ್ ರಿಪೊದ ಇಂಥ ನಿಗದಿ ಓಟ ತಾನಾಗಿ ನಿಲ್ಲುತ್ತದೆ. ಅಡಿಕೆ ಕೊಯ್ಲು, ಪರೀಕ್ಷೆ, ಮದುವೆ ಸೀಸನ್ ಎಂದು ಎರಡು ತಿಂಗಳು ಮಲಗುವ ನಮ್ಮಂಥ ಪ್ರಾಜೆಕ್ಟಿಗೆ ಇದು ನೆನಪಿರಲಿ.

ಗಿಟ್‌ಲ್ಯಾಬ್

ಗಿಟ್‌ಹಬ್‌ನಂತೆ ಇದೂ ಕೋಡ್ ಇಡುವ ತಾಣ, ಸಿಐ ಜೊತೆಗೇ ಬರುತ್ತದೆ. ಒಪ್ಪವಾಗಿ ಕಟ್ಟಿದ ಸಿಐ ಬೇಕೆಂದರೆ ನನ್ನ ಮಟ್ಟಿಗೆ ಇದೇ ಮೇಲು. ಫೈಲ್ ಓದಿದರೆ ಅರ್ಥವಾಗುತ್ತದೆ. ಆದರೆ ಪುಕ್ಕಟೆ ಮಟ್ಟದಲ್ಲಿ ತಿಂಗಳಿಗೆ 400 ನಿಮಿಷ ಮಾತ್ರ, ಪಬ್ಲಿಕ್ ಪ್ರಾಜೆಕ್ಟ್ ಆದರೂ ಅಷ್ಟೇ. ಲೆಕ್ಕ ಹಾಕಿ ನೋಡಿ. ಐದು ಪೈಥಾನ್ ಆವೃತ್ತಿ, ಒಂದೊಂದಕ್ಕೆ ಎರಡು ನಿಮಿಷ, ಲಿನಕ್ಸ್ ಮಾತ್ರ. ಒಂದು ಪುಶ್‌ಗೆ 10 ನಿಮಿಷ ಹೋಯಿತು. ತಿಂಗಳಿಗೆ 40 ಪುಶ್. ಭಾನುವಾರ ನಾಲ್ಕು ಜನ ಕೂತು ಕೆಲಸ ಮಾಡಿದರೆ ಅರ್ಧ ತಿಂಗಳ ಪಾಲು ಸಂಜೆಯೊಳಗೆ ಖಾಲಿ.

ಇದಕ್ಕೆ ಪರಿಹಾರ ಅವರೇ ಇಟ್ಟಿದ್ದಾರೆ. ಓಪನ್ ಸೋರ್ಸ್ ಯೋಜನೆಗಳಿಗೆ ಒಂದು ಕಾರ್ಯಕ್ರಮ ಇದೆ. ಒಪ್ಪಿಗೆ ಸಿಕ್ಕರೆ ತಿಂಗಳಿಗೆ 50,000 ನಿಮಿಷ, ಮೇಲಿನ ಹಂತದ ಸೌಲಭ್ಯಗಳೂ ಪುಕ್ಕಟೆ. ಪ್ರಾಜೆಕ್ಟ್ ಪಬ್ಲಿಕ್ ಆಗಿರಬೇಕು, ಮಾನ್ಯವಾದ ಓಪನ್ ಸೋರ್ಸ್ ಲೈಸೆನ್ಸ್ ಇರಬೇಕು, ಲಾಭದ ವ್ಯವಹಾರ ಆಗಿರಬಾರದು. ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿ, ನವೀಕರಣ ಇದನ್ನೆಲ್ಲ ನೆನಪಿಟ್ಟು ಮಾಡುವವರು ತಂಡದಲ್ಲಿ ಒಬ್ಬರಿದ್ದರೆ ಸರಿ.

ವಿದ್ಯಾರ್ಥಿಗಳಿಗೆ ತೊಡಕು ಬೇರೆ. ಹೊಸ ಖಾತೆಯವರು ಅವರ ಯಂತ್ರ ಬಳಸುವ ಮೊದಲು ಫೋನಿನಲ್ಲೋ ಕಾರ್ಡಿನಲ್ಲೋ ಗುರುತು ಖಚಿತಪಡಿಸಬೇಕಾಗಬಹುದು. ಜೊತೆಗೆ, ಫೋರ್ಕ್‌ನಿಂದ ಕಳಿಸಿದ ಬದಲಾವಣೆಯ ಟೆಸ್ಟು ಸಾಮಾನ್ಯವಾಗಿ ಕಳಿಸಿದವರ ಫೋರ್ಕ್‌ನಲ್ಲೇ, ಅವರ ನಿಮಿಷದಲ್ಲೇ ಓಡುತ್ತದೆ. ಭದ್ರತೆಗೆ ಇದು ಒಳ್ಳೆಯದೇ. ಆದರೆ ಮೊದಲ ಸಲ ಒಂದು ಕಾಗುಣಿತ ತಿದ್ದಿ ಕಳಿಸಲು ಬಂದ ಹುಡುಗಿಗೆ ಬಾಗಿಲಲ್ಲೇ ಕಾರ್ಡ್ ಕೇಳಿದರೆ ಅವಳು ಮತ್ತೆ ಬರುತ್ತಾಳಾ?

ಕೋಡ್‌ಬರ್ಗ್

ಮಾಸ್ಟ್ರಿಗೆ ನಾನು ಹೇಳಿದ್ದು ಇದು. ಇದೂ ಕೋಡ್ ಇಡುವ ತಾಣ. ಬರ್ಲಿನ್‌ನ ಒಂದು ಲಾಭರಹಿತ ಸಂಘ ಇದನ್ನು ನಡೆಸುತ್ತದೆ, ದೇಣಿಗೆ ಮತ್ತು ಸದಸ್ಯರ ಹಣದಲ್ಲಿ. ಮುಕ್ತ ಲೈಸೆನ್ಸಿನ ಪ್ರಾಜೆಕ್ಟುಗಳಿಗೆಂದೇ ಇರುವ ಜಾಗ. ಅದರ ಒಳಗೆ ಓಡುವ ಫೋರ್ಜೆಯೊ ಕೂಡ ಮುಕ್ತ ತಂತ್ರಾಂಶವೇ. 2025ರ ನವೆಂಬರ್‌ನಲ್ಲಿ ಜಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಗಿಟ್‌ಹಬ್ ಬಿಟ್ಟು ಇಲ್ಲಿಗೆ ಬಂದ ಮೇಲೆ ಹೆಸರು ಇನ್ನಷ್ಟು ಜನರ ಕಿವಿಗೆ ಬಿತ್ತು.

ಸಿಐಗೆ ಇಲ್ಲಿ ವುಡ್‌ಪೆಕರ್ ಇದೆ. ಅದಕ್ಕೆ ಕೇಳಿಕೊಂಡು ಅನುಮತಿ ಪಡೆಯಬೇಕು. ಪ್ರಾಜೆಕ್ಟ್ ಏನು, ಏನು ಓಡಿಸುತ್ತೀರಿ ಎಂದು ನಾಲ್ಕು ಸಾಲು ಬರೆದು ಕಾಯಬೇಕು. ಫೋರ್ಜೆಯೊ ಆ್ಯಕ್ಷನ್ಸ್ ಎಂಬ ಇನ್ನೊಂದು ದಾರಿಯೂ ಇದೆ. ಅದರ ಫೈಲು ಗಿಟ್‌ಹಬ್‌ನದಕ್ಕೆ ಬಹಳ ಹತ್ತಿರ, ಹಾಗಾಗಿ ಬದಲಾಯಿಸುವ ಶ್ರಮ ಕಡಿಮೆ. ವಿಂಡೋಸ್, ಮ್ಯಾಕ್ ಯಂತ್ರಗಳ ಆಸೆ ಬೇಡ. ಯಂತ್ರ ಎಲ್ಲರದ್ದು, ಹಣ ದಾನದ್ದು. ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂತಂತೆ ಕೂರಬೇಕು, ಬೇಕಾದಷ್ಟು ಬಡಿಸಿಕೊಂಡು ಎಲೆಯಲ್ಲಿ ಬಿಡಬಾರದು. ಒಂದೊಂದು ಕಾಗುಣಿತ ತಿದ್ದಿದಾಗಲೂ ಹತ್ತು ಜಾಬ್ ಎಬ್ಬಿಸಬೇಡಿ.

ತುಳು ಪದಪಟ್ಟಿಗೆ ಬೇಕಾದದ್ದು ಏನು? ಒಂದೇ ಪದ ಎರಡು ಸಲ ಬಂತಾ, ಅರ್ಥದ ಜಾಗ ಖಾಲಿ ಉಳಿಯಿತಾ ಎಂದು ನೋಡುವ ಅರ್ಧ ನಿಮಿಷದ ಸ್ಕ್ರಿಪ್ಟು. ಅದಕ್ಕೆ ಇದು ಧಾರಾಳ. ಇಲ್ಲಿ ತೆರಬೇಕಾದ ಬೆಲೆ ಒಂದೇ, ಹೊಸಬರಲ್ಲಿ ಹೆಚ್ಚಿನವರಿಗೆ ಕೋಡ್‌ಬರ್ಗ್ ಖಾತೆ ಇರುವುದಿಲ್ಲ.

ಉಳಿದವು

ಸರ್ಕಲ್‌ಸಿಐ ನಿಮಿಷದ ಬದಲು ಕ್ರೆಡಿಟ್ ಎಂಬ ಲೆಕ್ಕ ಇಟ್ಟಿದೆ. ಯಂತ್ರ ದೊಡ್ಡದಾದಷ್ಟೂ ಕ್ರೆಡಿಟ್ ಬೇಗ ಕರಗುತ್ತದೆ. ಓಪನ್ ಸೋರ್ಸ್‌ಗೆ ಹೆಚ್ಚು ಕೊಡುತ್ತಾರೆ. ಫೋರ್ಕ್‌ನ ಪುಲ್ ರಿಕ್ವೆಸ್ಟ್ ಓಡಬೇಕಾದರೆ ಸೆಟ್ಟಿಂಗ್‌ನಲ್ಲಿ ನೀವೇ ತೆರೆಯಬೇಕು. ಈಗಾಗಲೇ ಕೆಲಸದಲ್ಲಿ ಬಳಸಿ ರೂಢಿ ಇದ್ದವರು ಹಿಡಿಯಲಿ. ಹೊಸದಾಗಿ ಕಲಿಯಲು ನನಗೆ ಕಾರಣ ಕಾಣುವುದಿಲ್ಲ.

ಆ್ಯಪ್‌ವೇಯರ್ ವಿಂಡೋಸ್‌ಗೆ ಹೆಸರಾದದ್ದು. ಓಪನ್ ಸೋರ್ಸ್‌ಗೆ ಪುಕ್ಕಟೆ, ಒಂದು ಸಲಕ್ಕೆ ಒಂದೇ ಜಾಬ್. ಕೋಡ್ ಗಿಟ್‌ಹಬ್‌ನ ಹೊರಗಿದ್ದು ವಿಂಡೋಸ್ ಬೇಕೇ ಬೇಕು ಎಂದಾಗ ನೋಡಬಹುದು. ನನ್ನ ಗೆಳೆಯನ ಕೋಡ್ ಗಿಟ್‌ಹಬ್‌ನಲ್ಲೇ ಇತ್ತು, ಅವನಿಗೆ ಎರಡನೇ ಜಾಗದ ಅಗತ್ಯ ಬೀಳಲಿಲ್ಲ.

ಮನೆಯ ಹಳೆಯ ಕಂಪ್ಯೂಟರ್

'ಮೂಲೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ, ಅದರಲ್ಲಿ ಜೆಂಕಿನ್ಸ್ ಎಂಬ ಸಿಐ ತಂತ್ರಾಂಶ ಹಾಕಿದರೆ ಎಲ್ಲ ಪುಕ್ಕಟೆ ಅಲ್ವಾ?' ಎಂದು ಎಲ್ಲರೂ ಒಮ್ಮೆ ಕೇಳುತ್ತಾರೆ. ನಾನೂ ಮಾಡಿ ನೋಡಿದೆ. ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಟ್ಟದಲ್ಲಿ ಇಟ್ಟೆ. 60 ವ್ಯಾಟ್ ಎಂದರೆ ಹಗಲೂ ರಾತ್ರಿ ಓಡಿಸಿದರೆ ತಿಂಗಳಿಗೆ ಸುಮಾರು 43 ಯೂನಿಟ್. ಇಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ಬಿಲ್ಲು ನೋಡಿದ ಅಪ್ಪ ಅಟ್ಟಕ್ಕೆ ಬಂದು, 'ಎಂತ ಮಾರಾಯ ಇದು, ಅಡಿಕೆ ಒಣಗಿಸುವ ಮೆಷಿನಾ?' ಎಂದು ಕೇಳಿದರು. ಜೂನ್ ಬಂತು. ಕರೆಂಟು ಹೋಗಿ ಬರುವುದು, ಯುಪಿಎಸ್ ಕೂಗುವುದು, ಅರ್ಧ ಓಡಿದ ಟೆಸ್ಟು ಸಾಯುವುದು. ಒಂದು ಸಂಜೆ ಸಿಡಿಲಿಗೆ ಮೋಡೆಮ್ ಹೋಯಿತು. ಹೊಸದು ಬರುವ ತನಕ ಒಂಬತ್ತು ದಿನ ಎಲ್ಲ ಪುಲ್ ರಿಕ್ವೆಸ್ಟಿನ ಮುಂದೂ ಹಳದಿ ಚುಕ್ಕೆ, 'ಕಾಯುತ್ತಿದೆ' ಎಂದು.

ಮೋಡೆಮ್‌ಗಿಂತ ದೊಡ್ಡ ಅಪಾಯ ಬೇರೆ ಇದೆ. ಹೊರಗಿನವರ ಕೋಡ್ ನಮ್ಮ ಮನೆಯ ಯಂತ್ರದಲ್ಲಿ, ನಮ್ಮ ಮನೆಯ ನೆಟ್‌ವರ್ಕಿನಲ್ಲಿ ಓಡುತ್ತದೆ. ಪಬ್ಲಿಕ್ ರಿಪೊಗೆ ಸ್ವಂತ ರನ್ನರ್ (ಟೆಸ್ಟ್ ಓಡಿಸುವ ಯಂತ್ರ) ಹಾಕಬೇಡಿ ಎಂದು ಗಿಟ್‌ಹಬ್ ತಾನೇ ಬರೆದಿಟ್ಟಿದೆ. ಪರಸ್ಪರ ಮುಖ ಗೊತ್ತಿರುವ ಮೂರು ನಾಲ್ಕು ಜನರ ಪ್ರೈವೇಟ್ ಕೆಲಸಕ್ಕೆ ಆದೀತು. ಪ್ರಿಂಟರ್, ಸ್ಕ್ಯಾನರ್ ಥರದ ಯಾವುದೋ ನಿಜವಾದ ಸಾಮಾನು ಜೋಡಿಸಿಯೇ ಟೆಸ್ಟ್ ಮಾಡಬೇಕಾದಲ್ಲಿ ಬೇರೆ ದಾರಿಯೂ ಇಲ್ಲ. ಗಿಟ್‌ಲ್ಯಾಬ್‌ನಲ್ಲಿ ಸ್ವಂತ ರನ್ನರ್ ಹಾಕಿದರೆ ಆ 400 ನಿಮಿಷದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಲಾಭ ಇದೆ. ಆಗಲೂ ಹೊರಗಿನವರ ಕೋಡ್ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ.

ಕೊನೆಗೆ ಯಾರು ಏನು ಹಿಡಿದರು

ಮಾಸ್ಟ್ರು ಕೋಡ್‌ಬರ್ಗ್‌ಗೆ ಬರೆದರು, ಅನುಮತಿ ಬಂತು. ಗಿಟ್‌ಹಬ್‌ನಲ್ಲಿ ಒಂದು ಪ್ರತಿ ಇಟ್ಟಿದ್ದಾರೆ, ಹುಡುಕಿ ಬರುವವರಿಗೆ ಕಾಣಲಿ ಎಂದು. ಗೆಳೆಯ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ವಿಂಡೋಸ್ ಜಾಬ್ ಪ್ರತಿ ಪುಶ್‌ಗೆ, ಲಿನಕ್ಸ್ ಜಾಬ್ ರಾತ್ರಿ ಒಮ್ಮೆ ಎಂದು ಇಟ್ಟುಕೊಂಡ. ಅವನ ಬಳಕೆದಾರರಿಗೆ ಅದೇ ಸರಿ. ಟೆಸ್ಟು 20 ನಿಮಿಷ ದಾಟುವಷ್ಟು ದೊಡ್ಡದಾಗಿ, ತಂಡದಲ್ಲಿ ಕಾಗದಪತ್ರ ನೋಡುವವರೊಬ್ಬರಿದ್ದು, ಎಲ್ಲವೂ ಒಂದೇ ಕಡೆ ಬೇಕು ಎನ್ನುವವರಿಗೆ ನಾನು ಗಿಟ್‌ಲ್ಯಾಬ್‌ನ ಆ ಕಾರ್ಯಕ್ರಮವನ್ನೇ ಹೇಳುತ್ತೇನೆ.

ಪೊವ್ವಲ್ ಹುಡುಗನಿಗೆ ಕಾರ್ಡ್ ಬೇಡವಾದದ್ದೇ ಬೇಕಿತ್ತಲ್ಲ, ಅವನೂ ಗಿಟ್‌ಹಬ್ ಆ್ಯಕ್ಷನ್ಸ್ ಹಿಡಿದ. ರಾತ್ರಿ ಹತ್ತಕ್ಕೆ ಫೋನ್ ಮಾಡಿದ. 'ಅಣ್ಣ, ಪೈಥಾನ್ 3.1 ಸಿಗುವುದಿಲ್ಲ ಅಂತ ಬರ್ತಾ ಉಂಟು. ನಾನು 3.1 ಎಲ್ಲಿಯೂ ಬರೀಲೇ ಇಲ್ಲ.'

'3.10 ಅಂತ ಬರೆದದ್ದಾ?'

'ಹೌದು.'

'ಅದಕ್ಕೆ ಉದ್ಧರಣೆ ಚಿಹ್ನೆ ಹಾಕಿದ್ದೀಯಾ?'

ಹಾಕಿರಲಿಲ್ಲ. ಸಿಐ ಫೈಲು ಬರೆಯುವ ಯಾಮಲ್ ಎಂಬ ರೂಪದಲ್ಲಿ ಅದು ದಶಮಾಂಶ ಸಂಖ್ಯೆ, ಕೊನೆಯ ಸೊನ್ನೆಗೆ ಬೆಲೆ ಇಲ್ಲ. ಅವನು ಎರಡು ಕಡೆ ಚಿಹ್ನೆ ಹಾಕಿ ಪುಶ್ ಮಾಡಿದ. ಫೋನ್ ಇಡದೆ ಇಬ್ಬರೂ ಕಾದೆವು. ಮೊದಲು 3.11, ಆಮೇಲೆ 3.12. ಹತ್ತೂ ಕಾಲಕ್ಕೆ 3.10 ಕೂಡ ಹಸಿರಾಯಿತು.